ರೆಂಡು ಕುಡಿ

ಮೂವತ್ತಾರು ವರ್ಷ ಚಿನ್ನದ ಗಣಿಯ ಊರಲ್ಲಿ ಕನ್ನಡ ಮೇಷ್ಟ್ರಾಗಿದ್ದವನು ಸ್ವಾಮಿ ನಾನು! ತಮಿಳಿನಲ್ಲಿ ಅಳುವ ಮಕ್ಕಳಿಗೂ ತೆಲುಗಿನಲ್ಲಿ ಸುಳ್ಳು ಹೇಳುವ ಮಕ್ಕಳಿಗೂ ಕನ್ನಡದ ಸಂಧಿ ಸಮಾಸ ಕಲಿಸಿದವನು. ಹುಟ್ಟಿದ್ದು ಮಂಡ್ಯದ ಕಡೆಯಾದರೇನು, ಮೂರು ಭಾಷೆಯನ್ನೂ ಅರೆದು ಕುಡಿದವನು. ಅಂಥ ನಾನು ಹೋದ ಬೇಸಿಗೆಯಲ್ಲಿ ಆಂಡರ್ಸನ್‌ಪೇಟೆಯ ನಮ್ಮ ಮನೆಯ ತಾರಸಿ ಹತ್ತಿ ನಿಂತು, ಎಂಟೂ ದಿಕ್ಕಿಗೆ ಕೇಳುವ ಹಾಗೆ ಪ್ರತಿಜ್ಞೆ ಮಾಡಿದೆ: "ಇನ್ನು ಒಂದೇ ಒಂದು ಸಂಡಿಗೆ ಕೋತಿ ಬಾಯಿಗೆ ಬಿದ್ದರೆ ನಾನು ಮೇಷ್ಟ್ರೇ ಅಲ್ಲ!"

ಪ್ರತಿಜ್ಞೆಗೆ ಕಾರಣ ಇತ್ತು. ಮಗಳು ಶ್ಯಾಮಲಾಳ ಸೀಮಂತ ಭಾನುವಾರ. ನನ್ನಾಕೆ ಓಬಳಮ್ಮ ಎರಡು ಸಲ ಸಂಡಿಗೆ ಇಟ್ಟಳು, ಎರಡು ಸಲವೂ ಕೋತಿಗಳು ಬಂದು ಪಂಕ್ತಿಭೋಜನ ಮಾಡಿ ಹೋದವು. ಇನ್ನು ಉಳಿದಿದ್ದು ಒಂದೇ ಸಲಕ್ಕಾಗುವಷ್ಟು ಹಿಟ್ಟು, ಮೂರೇ ದಿನದ ಬಿಸಿಲು.

"ಬೂದಿಕೋಟೆ ಬೀಗಿತ್ತಿ ಆದಿಲಕ್ಷ್ಮಮ್ಮ ಮದುವೇಲಿ ಮೂರು ತರದ ಸಂಡಿಗೆ ಆಕಿಸಿದ್ರು ಕಣ್ರೀ," ಅಂದಳು ಓಬಳಮ್ಮ, ಕಣ್ಣಲ್ಲಿ ನೀರು ತುಂಬಿಕೊಂಡು. "ನಾನು ಬರೀ ಎಲೆ ಆಕಿದ್ರೆ ಅವರು ಉಂಡ್ಕೊಂಡು ಓಗ್ತಾರೆ. ನಾನು ಸಾಯೋಗಂಟ ಕೇಳಿಸ್ಕೊಬೇಕು!"

"ಚಿಂತೆ ಬಿಡು. ಬಂದೂಕ ತರ್ತೀನಿ!"

"ಅಯ್ಯೋ ಪಾಪಿ! ಆಂಜನೇಯನಿಗೆ ಗುಂಡು ಒಡೀತೀರಾ?"

"ಕೋತಿಗಲ್ಲ ಕಣೇ. ತಾರಸಿಯ ಆ ಮೂಲೆ ಕಂಬಕ್ಕೆ ಒಂದು ಹಳೇ ತಟ್ಟೆ ನೇತು ಹಾಕೋದು. ಈ ಮೂಲೆಯಲ್ಲಿ ಕೂತು ಗಾಳಿ ಬಂದೂಕದಿಂದ ಅದಕ್ಕೆ ಹೊಡೆಯೋದು. ಡಣ್! ಆ ಸದ್ದಿಗೇ ಕೋತಿಸೈನ್ಯ ದಿಕ್ಕಾಪಾಲು!"

"ತಟ್ಟೆಗೆ ಸೌಟಲ್ಲಿ ಒಡುದ್ರೆ ಡಣ್ ಅನ್ನಲ್ವಾ?"

"ಸೌಟಿಗೆ ದೂರದೃಷ್ಟಿ ಇಲ್ಲ," ಅಂತ ಗಾಂಭೀರ್ಯದಿಂದ ಹೇಳಿ ಬಂಗಾರಪೇಟೆ ಬಸ್ಸು ಹತ್ತಿದೆ.

ಬಂಗಾರಪೇಟೆಯಲ್ಲಿ ಹಳೇ ಸಾಮಾನಿನ ವ್ಯಾಪಾರಿ ಸುಧಾಕರ್. ಕುಪ್ಪಂ ಕಡೆಯ ತೆಲುಗಿನವನು. ಹಳೇ ಹಾರ್ಮೋನಿಯಂ, ಹಳೇ ತಕ್ಕಡಿಗಳ ಸಂದಿಯಿಂದ ಒಂದು ಗಾಳಿ ಬಂದೂಕ ಎಳೆದು ಧೂಳು ಕೊಡವಿದ. ಅದರ ವಯಸ್ಸು ನೋಡಿದರೆ ಟಿಪ್ಪುವಿನ ಕಾಲದಲ್ಲೇ ಸೆಕೆಂಡ್ ಹ್ಯಾಂಡ್ ಆಗಿತ್ತೇನೋ!

"ಸಾರ್, ಇದರ ಗುರಿ ಒಂಚೂರು ಆಕಡೆ ಈಕಡೆ ಇರ್ತದೆ. ಎಂಗೆ ಸರಿ ಮಾಡೋದು ಅಂದ್ರೆ, ನಿಮಗೆ ಕನ್ನಡದಲ್ಲಿ ಎಂಗೆ ಏಳೋದು..."

ನನ್ನ ಅಭಿಮಾನಕ್ಕೆ ಪೆಟ್ಟು ಬಿತ್ತು. "ಕನ್ನಡದಲ್ಲಿ ಯಾಕಯ್ಯಾ ತಡವರಿಸ್ತೀಯ? ತೆಲುಗು ಅರೆದು ಕುಡಿದಿದ್ದೀನಿ!" ಅಂದೆ.

"ಅಬ್ಬಾ, ಬಾಗುಂದಿ!" ಅಂತ ಖುಷಿಯಾಗಿ ಕನ್ನಡ ಅಕ್ಷರದಲ್ಲಿ ತೆಲುಗು ಬರೆದು, ಆ ಚೀಟಿಯನ್ನು ಬಂದೂಕದ ಮೇಲ್ಗಡೆ ಒಂದು ಕಡೆ ಅಂಟಿಸಿಕೊಟ್ಟ. ನಾನು ಬಸ್ಸಿನಲ್ಲೇ ಕಿತ್ತು ಜೇಬಿಗೆ ಹಾಕಿಕೊಂಡೆ. ಎಲ್ಲಿ ಅಂಟಿಸಿದ್ದ, ಯಾಕೆ ಅಲ್ಲೇ ಅಂಟಿಸಿದ್ದ ಅಂತ ಯೋಚಿಸಲಿಲ್ಲ. ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಓಬಳಮ್ಮ ಕೊನೆಯ ಹಿಟ್ಟಿನ ಸಂಡಿಗೆಯನ್ನು ನಾಲ್ಕು ಸೀರೆಯ ತುಂಬ ಇಟ್ಟಳು. ಕುಂಕುಮದ ಬಟ್ಟಲು ಹಿಡಿದು ಬಂಗಾರಪೇಟೆಯ ನೆಂಟರನ್ನು ಕರೆಯಲು ಹೊರಟಳು.

"ಸಂಜೆಗೆ ಬತ್ತೀನಿ. ಒಂದು ಸಂಡಿಗೆ ಓದ್ರೂ, ನಾಳೆಯಿಂದ ಬೇಸಿಗೆ ಮುಗಿಯೋಗಂಟ ಬಂದೂಕ ಗುಜರಿಗೆ, ಕೋಲು ನಿಮ್ಮ ಕೈಗೆ, ನೀವು ತಾರಸಿಗೆ!"

"ಒಪ್ಪಿದೆ!" ಅಂದೆ ಮೀಸೆ ತಿರುವಿ. ಮೀಸೆ ಇಲ್ಲ, ಆದರೂ ತಿರುವಿದೆ.

ಮೊದಲ ಗುಂಡು. ತಟ್ಟೆಗೆ ಗುರಿಯಿಟ್ಟೆ. ಅದು ಎಡಕ್ಕೆ ಹೋಗಿ ನಮ್ಮದೇ ತುಳಸಿ ಕುಂಡದ ಅಂಚು ಹಾರಿಸಿತು. ಎರಡನೆಯದು ಇನ್ನೂ ಎಡಕ್ಕೆ! ಪಕ್ಕದ ಮನೆ ಅನಸೂಯಮ್ಮನವರ ನೀರಿನ ಟ್ಯಾಂಕಿಗೆ ಸಣ್ಣ ತೂತು. ಅದರಿಂದ ಕಾರಂಜಿ ಎದ್ದಿತು ನೋಡಿ, ಮೈಸೂರಿನವರು ಟಿಕೆಟ್ ತೆಗೆದುಕೊಂಡು ಬರಬೇಕು, ಹಾಗೆ!

ಕಾರಂಜಿ ನೋಡಿಯೇ ಹತ್ತಿ ಬಂದವನು ಎದುರು ಮನೆಯ ಸೆಲ್ವರಾಜ್. ಗಣಿಯಲ್ಲಿದ್ದಾಗ ಯೂನಿಯನ್ ಮುಖಂಡ. ಮೊದಲು ಟ್ಯಾಂಕಿನ ತೂತಿಗೆ ಸೋಪು ಮೆತ್ತಿ ಬಂದ, ಆಮೇಲೆ ಬಂದೂಕವನ್ನು ಎಳೆಮಗುವಿನ ಹಾಗೆ ಎತ್ತಿ ನೋಡಿದ.

"ಸಾರ್, ಇದು ನಮ್ಮ ಯೂನಿಯನ್ ಗನ್ನು. ಅದಕ್ಕೇ ಎಡಕ್ಕೆ ವಾಲ್ತದೆ!"

ಆಗ ಚೀಟಿ ನೆನಪಾಯಿತು. ತೆಗೆದು ಜೋರಾಗಿ ಓದಿದೆ: "ಗುಂಡು ಎಡಮಕ್ಕಿ ಪೋತೆ ರೆಂಡು ಕುಡಿ. ಇಂಕಾ ಪೋತೆ ಇಂಕಾ ರೆಂಡು ಕುಡಿ."

ಇದರಲ್ಲಿ ಏನು ಕಷ್ಟ? ಗುಂಡು ಎಡಕ್ಕೆ ಹೋದರೆ ಎರಡು ಕುಡಿ. ಇನ್ನೂ ಹೋದರೆ ಇನ್ನೆರಡು ಕುಡಿ. ಕುಡಿ: ಧಾತು, ವಿಧ್ಯರ್ಥ, ಮಧ್ಯಮ ಪುರುಷ, ಏಕವಚನ! ಏಕವಚನ ಮಾತ್ರ ನನಗೆ ಚುಚ್ಚಿತು. ಅರವತ್ತೆಂಟು ವರ್ಷದವನಿಗೆ 'ಕುಡಿಯಿರಿ' ಅನ್ನಬಾರದೇ?

"ಸೆಲ್ವಾ, ತಮಿಳಲ್ಲಿ ಕುಡಿ ಅಂದ್ರೆ?"

"ಕುಡಿನ್ನಾ ಕುಡಿದಾನ್ ಸಾರ್!"

ಮೂರರಲ್ಲಿ ಎರಡು ಭಾಷೆ ಒಂದೇ ಮಾತು ಹೇಳಿದ ಮೇಲೆ ಮೂರನೆಯದನ್ನು ಕೇಳುವುದೇನು? ಬಹುಮತ! ಆದರೆ ಏನು ಕುಡಿಯಬೇಕು? ಬರೆದಿಲ್ಲ. ನಾನು ಹುಟ್ಟಿದಾಗಿನಿಂದ ಕಾಫಿಗಿಂತ ಕೆಟ್ಟದ್ದನ್ನು ಮುಟ್ಟಿದವನಲ್ಲ. ಎರಡು ಲೋಟ ಮಜ್ಜಿಗೆ ಕುಡಿದು ಹೊಡೆದೆ. ಎಡಕ್ಕೆ! ಎರಡು ಲೋಟ ಗಟ್ಟಿ ಕಾಫಿ ಕುಡಿದು ಹೊಡೆದೆ. ಅನಸೂಯಮ್ಮನವರ ಟ್ಯಾಂಕಿಗೆ ಎರಡನೇ ಕಾರಂಜಿ!

ತಲೆ ಕೆಟ್ಟು ಸುಧಾಕರನಿಗೆ ಫೋನ್ ಮಾಡಿದೆ. ಆ ಕಡೆ ಬಸ್‌ಸ್ಟ್ಯಾಂಡಿನ ಗಲಾಟೆ.

"ಏನಯ್ಯಾ, ನೀನು ಬರೆದ ಹಾಗೇ ಎರಡು ಆಯ್ತು. ಗುಂಡು ಇನ್ನೂ ಎಡಕ್ಕೇ ಹೋಗ್ತಿದೆ!"

"ಅಯಿತೇ ಇಂಕಾ ರೆಂಡು ಕುಡಿ ಸಾರ್!"

"ಅದೂ ಆಯ್ತಪ್ಪಾ! ಒಟ್ಟು ನಾಲ್ಕು!"

"ನಾಲ್ಕಾ? ನಾಲ್ಕಕ್ಕೆ ಸರಿ ಓಗಬೇಕಲ್ಲ! ಗಟ್ಟಿಯಾಗಿ ಮಾಡಿದ್ರಾ?"

"ಗಟ್ಟಿಯಾಗೇ ಮಾಡಿದ್ದೆ!"

"ಅಲ್ಲೇ ತಪ್ಪು! ಮೆಲ್ಲಗೆ, ಮೆಲ್ಲಗೆ. ಮೊದಲು ಒಂಚೂರು ಎಣ್ಣೆ ಆಕ್ಕೊಳ್ಳಿ ಸಾರ್."

"ಎಣ್ಣೆಯಾ?! ಈ ವಯಸ್ಸಲ್ಲಾ?"

"ವಯಸ್ಸಾಗಿರೋದಕ್ಕೇ ಎಣ್ಣೆ ಬೇಕು ಸಾರ್!"

"ಜಾಸ್ತಿ ಆದ್ರೆ?"

"ಜಾಸ್ತಿ ಆದ್ರೆ ಸ್ಕ್ರೂ ಲೂಸ್ ಆಗೋಗ್ತದೆ. ಉಷಾರು!" ಅಂದು ಇಟ್ಟೇಬಿಟ್ಟ.

ಸೆಲ್ವರಾಜ್ ಹಣೆ ಚಚ್ಚಿಕೊಂಡ. "ನೋಡಿ ಸಾರ್! ಚೀಟಿ ಶುರು ಮಾಡ್ತಾನೇ 'ಗುಂಡು' ಅಂತ ಬರ್ದಿದಾನೆ. ಬಾಯಲ್ಲಿ 'ಎಣ್ಣೆ' ಅಂತಾನೆ. ನೀವು ನೋಡಿದ್ರೆ ಮಜ್ಜಿಗೆ ಕುಡೀತಿದೀರ! ಅವನು ಡೀಲರು ಸಾರ್, ಸಾವಿರ ಗನ್ನು ನೋಡಿರ್ತಾನೆ. ನಾನೂ ಗಣಿಯೊಳಗೆ ನೋಡಿದೀನಲ್ಲ, ಎರಡು ಬಿದ್ರೆ ಕೈ ಬಂಡೆ ಆಗ್ತದೆ, ಬಂಡೆ!"

ಮನೆಯಿಂದ ಅರ್ಧ ಬಾಟಲಿ ತಂದ. ನಾನು ಸಂಡಿಗೆ ನೋಡಿದೆ. ಓಬಳಮ್ಮನ ತುಂಬಿದ ಕಣ್ಣು ನೆನೆದೆ. ಸಂಸಾರದ ಮರ್ಯಾದೆಗಾಗಿ ಶಿವ ಹಾಲಾಹಲ ಎತ್ತಿದ ಹಾಗೆ ಲೋಟ ಎತ್ತಿದೆ! ಒಂದು. ಎರಡು. ಗುರಿಯಿಟ್ಟು ನೋಡುತ್ತೇನೆ, ಕಂಬದಲ್ಲಿ ಎರಡು ತಟ್ಟೆ! ಯಾವ ತಟ್ಟೆಗೆ ಅಂತ ಚೀಟಿಯಲ್ಲಿ ಬರೆದಿರಲಿಲ್ಲ. ಹೊಡೆದೆ. ಗುಂಡು ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಕಾಮಸಮುದ್ರ ದಾಟಿ ಆಂಧ್ರಕ್ಕೆ ಹೋಗಿದ್ದರೂ ಹೋಗಿರಬಹುದು. "ಇಂಕಾ ರೆಂಡು!" ಅಂದ ಸೆಲ್ವರಾಜ್. ಆಮೇಲಿನದು ಮಂಜು ಮಂಜು.

ಕಣ್ಣು ಬಿಟ್ಟಾಗ ಮುಂದೆ ಓಬಳಮ್ಮ. ಒಬ್ಬಳಲ್ಲ, ಇಬ್ಬರು! ಅವರ ಹಿಂದೆ ಸೀರೆಗಳ ಮೇಲೆ ಕೋತಿಗಳು ಸಾಲಾಗಿ ಕೂತು ತಿನ್ನುತ್ತಿವೆ. ಸೆಲ್ವರಾಜ್ ಎರಡು ಕೋತಿಗಳ ನಡುವೆ ಮಲಗಿ ಗೊರಕೆ ಹೊಡೆಯುತ್ತಿದ್ದಾನೆ.

"ಏನ್ರೀ ಇದು ವಾಸನೆ?!"

"ಸೂಚನೆ ಪ್ರಕಾರ, ಓಬಳಾ..." ಅಂತ ಚೀಟಿ ಚಾಚಿದೆ. "ಎಡಕ್ಕೆ ಹೋದ್ರೆ ಎರಡು ಕುಡಿ... ನಾನು ಸೂಚನೆ ಮೀರಿಲ್ಲ..."

ಅವಳು ಕಾಮಸಮುದ್ರದವಳು, ತವರಲ್ಲಿ ತೆಲುಗೇ ಮಾತು. ಓದಿದಳು. ಇನ್ನೊಮ್ಮೆ ಓದಿದಳು. ನನ್ನ ಮುಖ ನೋಡಿದಳು.

"ಅಯ್ಯೋ ನನ್ನ ಮೇಷ್ಟ್ರೇ! ತೆಲುಗಲ್ಲಿ ಕುಡಿ ಅಂದ್ರೆ ಬಲಗಡೆ ಕಣ್ರೀ! ಗುಂಡು ಎಡಕ್ಕೆ ಓದ್ರೆ ಎರಡು ಸುತ್ತು ಬಲಕ್ಕೆ ತಿರುಗಿಸು ಅಂತ!"

"ಏನನ್ನ ತಿರುಗಿಸೋದು?"

ಅವಳು ಬಂದೂಕ ಎತ್ತಿಕೊಂಡಳು. ಚೀಟಿಯ ಅಂಟು ಇನ್ನೂ ಉಳಿದಿದ್ದ ಜಾಗದಲ್ಲೇ, ತುಕ್ಕು ಹಿಡಿದ ಸಾಸಿವೆಕಾಳಿನಷ್ಟು ಒಂದು ತಿರುಪು! ಕೆಳಗಿಳಿದು ಹೊಲಿಗೆ ಮಿಷನ್ನಿನ ಪುಟ್ಟ ಸ್ಕ್ರೂಡ್ರೈವರ್ ತಂದಳು, ಮಿಷನ್ನಿನ ಎಣ್ಣೆ ಒಂದು ಹನಿ ಬಿಟ್ಟಳು, ಮೆಲ್ಲಗೆ ಎರಡು ಸುತ್ತು ಬಲಕ್ಕೆ ತಿರುಗಿಸಿದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಸೂಜಿಗೆ ದಾರ ಪೋಣಿಸುವವಳ ಹಾಗೆ ಒಂದು ಕಣ್ಣು ಮುಚ್ಚಿದಳು.

ಡಣ್!

ಕೋತಿಸೈನ್ಯ ಎದ್ದು ಬಿದ್ದು ಓಡಿತು. ಸೆಲ್ವರಾಜನೂ ಎದ್ದು, "ಬ್ಲಾಸ್ಟಿಂಗ್! ಬ್ಲಾಸ್ಟಿಂಗ್!" ಅಂತ ಕೋತಿಗಳ ಹಿಂದೆಯೇ ಓಡಿದ.

ನಾಲ್ಕು ಸೀರೆಯಲ್ಲಿ ಒಂದೂವರೆ ಸೀರೆ ಉಳಿದಿತ್ತು. ಭಾನುವಾರ ಎಲೆಗೆ ಎರಡೆರಡೇ ಸಂಡಿಗೆ ಬಿತ್ತು. ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಆದಿಲಕ್ಷ್ಮಮ್ಮ ಒಂದನ್ನು ಮುರಿದು ಬಾಯಿಗಿಟ್ಟು, "ರುಚಿ ಚೆನ್ನಾಗದೆ ಬೀಗಿತ್ತೀ! ಎರಡೇನಾ ಇರೋದು?" ಅಂದರು.

"ಬೇಕಾದಷ್ಟು ಇಟ್ಟಿದ್ದೆ," ಅಂದಳು ಓಬಳಮ್ಮ ನಗುನಗುತ್ತಾ. "ಮಿಕ್ಕಿದ್ದೆಲ್ಲ ನಮ್ಮ ಯಜಮಾನ್ರು ಕುಡಿದ್ಬಿಟ್ರು!"

ಆದಿಲಕ್ಷ್ಮಮ್ಮ ಇವತ್ತಿಗೂ, ಸಂಡಿಗೆಯನ್ನು ಹೇಗೆ ಕುಡಿಯುತ್ತಾರೆ ಅಂತ ಬೂದಿಕೋಟೆಯಲ್ಲಿ ಸಿಕ್ಕಸಿಕ್ಕವರನ್ನು ಕೇಳುತ್ತಿದ್ದಾರಂತೆ.

ಕರಾರಿನಂತೆ ಶುಕ್ರವಾರದಿಂದಲೇ ಕೋಲು ನನ್ನ ಕೈಗೆ ಬಂದಿತ್ತು, ನಾನು ತಾರಸಿಗೆ ಬಂದಿದ್ದೆ. ಬಂದೂಕ ಮಾತ್ರ ಗುಜರಿಗೆ ಹೋಗಲಿಲ್ಲ, ಓಬಳಮ್ಮನ ಹೊಲಿಗೆ ಮಿಷನ್ ಪಕ್ಕ ನಿಂತಿದೆ. ಸೋಮವಾರ ಬೆಳಿಗ್ಗೆ ಅವಳು ಮೆಟ್ಟಿಲು ಹತ್ತಿ ಬಂದು, ಕಾಫಿ ಲೋಟ ಕಟ್ಟೆಯ ಮೇಲಿಟ್ಟು, "ಕುಡೀರಿ," ಅಂದಳು.

ಕಲಿತ ಪಾಠ ಮರೆಯುವ ಜಾತಿಯವನಲ್ಲ ನಾನು. ತಕ್ಷಣ ಬಲಕ್ಕೆ ತಿರುಗಿದೆ.

ಲೋಟ ಎಡಗಡೆ ಇತ್ತು. ತಿರುಗಿ ನೋಡುವಷ್ಟರಲ್ಲಿ ಕೋತಿ ಕುಡಿಯುತ್ತಿತ್ತು!