ರುದ್ರಯ್ಯನವರ ಹೆಬ್ಬೆರಳು

ಎಲ್ಲಕ್ಕೂ ಕಾರಣ ರುದ್ರಯ್ಯನವರ ಒಂದು ಮಾತು. "ಪೇಪರ್‌ನಾಗೆ ಬಂದ್ರೆ ಸುದ್ದಿ ಕಣ್ಲಾ. ಫೋನ್‌ನಾಗೆ ಬರೋದೆಲ್ಲ ಗಾಳಿಮಾತು."

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ನಲವತ್ತು ವರ್ಷದಿಂದ ಪೇಪರ್ ಮಾರುವ ಅಪ್ಪ ಹೀಗಂದಾಗಲೆಲ್ಲ ಮಗ ಚಂದ್ರಮೌಳಿಯ ಮುಖ ಆರಿದ ಬೋಂಡದಂತಾಗುತ್ತಿತ್ತು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ, ಈ ನಾಲ್ಕು ಊರಿನ ಕರೆಂಟ್ ಕಟ್ಟು, ಕಳೆದುಹೋದ ಹಸು, ಗೊರೂರು ಡ್ಯಾಮಿನ ನೀರಿನ ಮಟ್ಟ ಎಲ್ಲವನ್ನೂ ಅವನ 'ನಾಕೂರ ಸುದ್ದಿ' ಎಂಬ ಆನ್‌ಲೈನ್ ಪೇಜಿನಲ್ಲಿ ನೋಡಿದ ಮೇಲೇ ಜನ ಹಲ್ಲುಜ್ಜುತ್ತಿದ್ದರು. ಅಪ್ಪನೊಬ್ಬರನ್ನು ಬಿಟ್ಟು. "ಡ್ಯಾಮ್ ಗೇಟ್ ತೆಗೆದವ್ರಂತೆ ನೋಡ್ಲಾ" ಎಂದು ಅವರು ಪೇಪರ್ ತೋರಿಸಿ ಮಗನಿಗೇ ಹೇಳುತ್ತಿದ್ದರು. ಹಿಂದಿನ ದಿನ ಡ್ಯಾಮ್ ಹತ್ತಿರ ನೆನೆದುಕೊಂಡು ನಿಂತು ಆ ಸುದ್ದಿ ಹಾಕಿದ್ದವನೇ ಅವನು.

ಒಂದು ದಿನ ಪೇಜಿನ ಫಾಲೋವರ್ಸ್ ಲೆಕ್ಕ ಲಕ್ಷಕ್ಕೆ ಒಂದು ಕಮ್ಮಿ. "ಆ ಒಬ್ರು ನಮ್ಮಪ್ಪನೇ ಆಗ್ಬೇಕು," ಎಂದ ಚಂದ್ರಮೌಳಿ. ಹೇಳುವಾಗ ದನಿ ಯಾಕೋ ಸಣ್ಣಗಾಯಿತು.

ಬಸ್‌ಸ್ಟ್ಯಾಂಡೇ ಸಹಾಯಕ್ಕೆ ನಿಂತಿತು. ಬಾಗೂರಿನವನೊಬ್ಬ ಪೇಜಿಗೆ ಸೇರಿದ. ಅಪ್ಪನಿಗಿಂತ ಮೊದಲೇ ಲಕ್ಷ ತುಂಬದಿರಲೆಂದು ಟೀ ಅಂಗಡಿ ಚೆನ್ನಯ್ಯ ಪೇಜು ಬಿಟ್ಟ. ಇನ್ನೊಬ್ಬ ಸೇರಿದ, ಹೂ ಮಾರುವ ಶಾಂತಕುಮಾರಿ ಬಿಟ್ಟಳು. "ಬಿರ್ನೆ ಮುಗ್ಸು ಮೌಳಿಯಣ್ಣ, ಬಿಡಕ್ಕೆ ಇನ್ ಯಾರೂ ಇಲ್ಲ!" ಎಂದು ಅವಳೇ ಕೂಗಿದಳು.

ಚಂದ್ರಮೌಳಿ ತನ್ನ ಫೋನಿನಲ್ಲೇ ಅಪ್ಪನ ಹೆಸರಿಗೊಂದು ಖಾತೆ ತೆರೆದು ಅವರ ಕೈಗಿಟ್ಟ. "ಈ ನೀಲಿ ಬಟನ್ ಒತ್ತಪ್ಪ, ಸಾಕು." ಫೋಟೋ ತೆಗೆಯಲು ಚೆನ್ನಯ್ಯನ ಫೋನು ಹಿಡಿದು ಹಿಂದಕ್ಕೆ ಸರಿದ.

ರುದ್ರಯ್ಯ ಒತ್ತಿದರು. ಪೇಪರ್ ತಿರುವಿ ತಿರುವಿ ಸವೆದ ಆ ಹೆಬ್ಬೆರಳನ್ನು ಫೋನು ಬೆರಳೆಂದೇ ಒಪ್ಪಲಿಲ್ಲ. ಅಭ್ಯಾಸದಂತೆ ಬೆರಳನ್ನು ನಾಲಿಗೆಗೆ ತಾಗಿಸಿ, ಪುಟ ತಿರುವುವ ಹಾಗೆ ಪರದೆಯನ್ನು ಎಳೆದರು. ಅಲ್ಲೆಲ್ಲೋ ತಗುಲಿ ಅಪ್ಪನ ಖಾತೆ ಹೋಗಿ ಮಗನ ಖಾತೆ ಬಂತು. ಇನ್ನೆರಡು ಸಲ ಎಳೆದರು.

"ಏನೋ ಇಂಗ್ಲೀಷ್‌ನಾಗೆ ಕೇಳ್ತೈತೆ ಕಣ್ರಯ್ಯ."

"ನೀಲಿ ಒತ್ತು ರುದ್ರಣ್ಣ!" ಕೂಗಿದ ಚೆನ್ನಯ್ಯ.

"ತಿರ್ಗಾ ಕೇಳ್ತೈತೆ."

"ಅದ್ನೂ ಒತ್ತಣ್ಣ!" ಎಂದಳು ಶಾಂತಕುಮಾರಿ.

"ಮೂರ್ನೇ ಸಲ ಕೇಳ್ತೈತಲ್ಲವ್ವ! ಬಾಳ ಮರ್ಯಾದಸ್ತ ಫೋನು." ಒತ್ತಿಯೇಬಿಟ್ಟರು.

ಚಪ್ಪಾಳೆ ಬಿತ್ತು. ಚಂದ್ರಮೌಳಿ ಓಡಿಬಂದು ಪರದೆ ನೋಡಿದ. ಫೋನು ಮೂರು ಸಲ ಕೇಳಿದ್ದು, ಪೇಜನ್ನು ಅಳಿಸಿಬಿಡಲೇ ಎಂದು. ಆರು ವರ್ಷದ 'ನಾಕೂರ ಸುದ್ದಿ' ಇರಲೇ ಇಲ್ಲ.

"ಆಯ್ತೇನ್ಲಾ ಮೌಳಿ?" ಅಪ್ಪ ಅಷ್ಟು ಆಸೆಯಿಂದ ಕೇಳಿದ್ದು ಅದೇ ಮೊದಲು.

"ಆಯ್ತಪ್ಪ," ಎಂದ.

ದಿನವೂ ಅವನ ಪೇಜಿನಿಂದಲೇ ಸುದ್ದಿ ಎತ್ತುತ್ತಿದ್ದ ಪೇಪರ್ ವರದಿಗಾರನಿಗೆ ಅವತ್ತು ಬೇರೇನೂ ಸಿಕ್ಕಿರಲಿಲ್ಲವೇನೋ. ಮರುದಿನ ಬೆಳಿಗ್ಗೆ ರುದ್ರಯ್ಯ ಐದನೇ ಪುಟ ಹಿಡಿದು ಕುಣಿಯುತ್ತಿದ್ದರು. "ಬಂತು ಕಣ್ಲಾ ನಿನ್ ಎಸ್ರು! ರುದ್ರಯ್ಯನವರ ಪುತ್ರ ಚಂದ್ರಮೌಳಿ, ಅಂತ ಅಚ್ಚಾಕವ್ರೆ!"

"ಅದ್ರಾಗೆ ಏನ್ ಬರ್ದವ್ರೆ, ಓದಿದ್ಯಾ ಅಪ್ಪ?"

"ಅದೇನೋ ನಿಂತೋಯ್ತಂತೆ. ಆಳಾಗೋಗ್ಲಿ ಬುಡು." ಅವರು ಆ ತುಂಡನ್ನು ಕತ್ತರಿಸಿ, ಗೋಂದು ಹಚ್ಚಿ, ತಮ್ಮ ಪೇಪರ್ ಅಂಗಡಿಯ ಹಲಗೆಗೆ ಅಂಟಿಸಿದರು. ಹೆಬ್ಬೆರಳಿನಿಂದ ನಾಲ್ಕೂ ಮೂಲೆ ಒತ್ತಿದರು. ಆಮೇಲೆ ಮಗನ ಕಡೆ ತಿರುಗಿ, ಮೆಲ್ಲಗೆ ಕೇಳಿದರು:

"ನಾಳೀಕೆ ಪೇಪರ್‌ಗೆ ಏನ್ ಕೊಟ್ಟಿದ್ದೀಯ ಮಗ?"