ವಿಧಾನಸೌಧದ ಬೆಳ್ಳಿ ಗಿಳಿ

ಮೇಘಶ್ರೀ ಮೊಬೈಲಿನಲ್ಲಿ ಹನ್ನೊಂದು ಟಿಕೆಟ್ ಒತ್ತಿದ್ದೇ ಎಲ್ಲಕ್ಕೂ ಮೂಲ. ಭಾನುವಾರ ವಿಧಾನಸೌಧದ ಒಳಗೆ ಎಲ್ಲರನ್ನೂ ಕರೆದುಕೊಂಡು ಹೋಗಿ ತೋರಿಸುತ್ತಾರೆ ಎಂದು ಅವಳಿಗೆ ಗೊತ್ತಾದದ್ದು ಶುಕ್ರವಾರ. ಶನಿವಾರ ಬೆಳಗಾಗುವಷ್ಟರಲ್ಲಿ ಅರಸೀಕೆರೆಯ ಅವಳ ಬೀದಿಯ ಅರ್ಧ ಜನ ಹೊರಡಲು ಸಜ್ಜಾಗಿದ್ದರು.

“ಗೈಡು ಗೀಡು ಯಾಕೆ? ನಮ್ಮ ಷಡಕ್ಷರಣ್ಣ ಇಲ್ವಾ?” ಎಂದಳು ಮೇಘಶ್ರೀಯ ತಾಯಿ ಬೋರಮ್ಮ, ಕಾಂಪೌಂಡಿನ ಆಚೆಯಿಂದ.

ಈಚೆ ಕೂತಿದ್ದ ಕೊಬ್ಬರಿ ಮಂಡಿಯ ಷಡಕ್ಷರಪ್ಪನವರು ಬಾಯಲ್ಲಿದ್ದ ಕಾಫಿಯನ್ನು ನುಂಗಲೂ ಆಗದೆ, ಉಗುಳಲೂ ಆಗದೆ, ಬಿಗಿದು ಹೊಲಿದ ಮೂಟೆಯ ಹಾಗೆ ಕೆನ್ನೆ ಊದಿಸಿ ಕೂತರು.

ವಿಧಾನಸೌಧದ ಒಳಗನ್ನು ನಲವತ್ತಾರು ವರ್ಷದಿಂದ ಊರಿಗೆ ಬಣ್ಣಿಸುತ್ತಾ ಬಂದವರು ಅವರು. ಆದರೆ ಅದರ ಹೊಸ್ತಿಲನ್ನು ಒಮ್ಮೆಯೂ ದಾಟಿರಲಿಲ್ಲ.

ಆರನೇ ಕ್ಲಾಸಿನಲ್ಲಿ ಶಾಲೆಯವರು ಪ್ರವಾಸ ಕರೆದೊಯ್ದಿದ್ದರು. ಮೊದಲ ದಿನ ಬೇಲೂರು, ಹಳೇಬೀಡು, ಮರುದಿನ ಬೆಂಗಳೂರು. ಅವ್ವ ಅದಕ್ಕೆಂದೇ ಹೊಸ ಅಂಗಿ ಹೊಲಿಸಿ, ರೊಟ್ಟಿ ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು. ವಿಧಾನಸೌಧದ ಮುಂದೆ ಮೇಷ್ಟ್ರು, “ದೊಡ್ಡ ಜಾಗ, ಎಲ್ಲಾ ಚಪ್ಪಲಿ ಬಿಡ್ರೋ. ಷಡಕ್ಷರಿ, ನೀನು ನಂಬಿಕಸ್ಥ. ಚಪ್ಪಲಿ, ಬುತ್ತಿ ಚೀಲ ನೋಡ್ಕೊಂಡು ಕೂತಿರು” ಎಂದುಬಿಟ್ಟರು. ಮೂವತ್ತೊಂದು ಜೊತೆ ಚಪ್ಪಲಿಯ ನಡುವೆ ಆ ಹೊಸ ಅಂಗಿ ಮರದಡಿ ಕೂತೇ ಇತ್ತು.

ಅವ್ವ ಬಾಗಿಲಲ್ಲೇ ಕಾದಿದ್ದಳು. “ಬೇಲೂರು ಗುಡಿಗಿಂತ ದೊಡ್ಡದಾ ಮಗ? ಒಳಗೆ ಏನೇನು ಕಂಡೆ?”

ಆ ಮುಖ ನೋಡಿಕೊಂಡು ‘ಚಪ್ಪಲಿ ಕಂಡೆ’ ಎನ್ನಲು ಹುಡುಗನ ನಾಲಿಗೆ ಏಳಲಿಲ್ಲ. ವಾಪಸು ಬರುವಾಗ ಗೆಳೆಯ ಮರಿಯಣ್ಣ ರೈಲಿನಲ್ಲಿ ಹೇಳಿದ್ದನ್ನೆಲ್ಲ ತಾನೇ ಕಂಡಂತೆ ಒಪ್ಪಿಸಿದ. ಹಿಮ್ಮಡಿ ಮುಳುಗುವ ಜಮಖಾನ, ಘಮಘಮಿಸುವ ಗಂಧದ ಬಾಗಿಲು, ಸ್ಪೀಕರ್ ಕುರ್ಚಿಯ ಮೇಲೆ ಕೆಂಪು ಕಲ್ಲಿನ ಕಣ್ಣಿನ ಬೆಳ್ಳಿ ಗಿಳಿ. ಅವ್ವ ಅದನ್ನು ನಲ್ಲಿಯ ಹತ್ತಿರ ಹೇಳಿದಳು, ಸಂತೆಯಲ್ಲಿ ಹೇಳಿದಳು, ಮಗನಿಗೆ ಹೆಣ್ಣು ನೋಡಲು ಹೋದಲ್ಲೂ ಹೇಳಿದಳು. ಜೊತೆಗೆ ಹೋದ ಹುಡುಗರಲ್ಲಿ ಒಬ್ಬನಾದರೂ ಬಾಯಿ ಬಿಡಲಿಲ್ಲ. ಪಾಪ, ಒಳ್ಳೆಯವರು ಎಂದುಕೊಂಡರು ಷಡಕ್ಷರಪ್ಪ. ಅವ್ವ ಹೋಗಿ ಹತ್ತು ವರ್ಷವಾಯಿತು; ಗಿಳಿ ಮಾತ್ರ ಗಟ್ಟಿಮುಟ್ಟಾಗಿತ್ತು.

ಈಗ ಒಳಗೆ ಹೋದರೆ ಬಣ್ಣ ಬಯಲಾಗುವ ಭಯ. ಆದರೂ ಅವ್ವನಿಗೆ ಹೇಳಿದ ಆ ಗಿಳಿಯನ್ನು ಒಮ್ಮೆ ಕಣ್ಣಾರೆ ನೋಡಿಬಿಟ್ಟರೆ ಸುಳ್ಳು ಅಷ್ಟರಮಟ್ಟಿಗಾದರೂ ನಿಜವಾದೀತು ಎಂಬ ಆಸೆ. ಆಸೆಯೇ ಗೆದ್ದಿತು. ಅವರು ಹೊಸ ಅಂಗಿ ತೊಟ್ಟು ಹೊರಟರು.

ಭಾನುವಾರ ಬೆಳಗಿನ ರೈಲಿನಲ್ಲೇ ಪರೀಕ್ಷೆ ಶುರುವಾಯಿತು.

“ಮೆಟ್ಲು ಎಷ್ಟವೆ ಅಣ್ಣಾ?” ಎಂದಳು ಬೋರಮ್ಮ.

“ಎಣಿಸಲಿಲ್ಲ ಬೋರಮ್ಮ. ಕಣ್ಣು ಮೇಲೇ ಇತ್ತಲ್ಲ.”

“ಒಳಗೆ ಯಾವ ಕಡೆಯಿಂದ ಹೋಗೋದು?” ಎಂದರು ಹೆಂಡತಿ ಗುರುಸಿದ್ದಮ್ಮ.

“ಬಾಗಿಲಿಂದ.”

ಗುರುಸಿದ್ದಮ್ಮ ಗಂಡನನ್ನು, ಉಪ್ಪು ಹೆಚ್ಚಾದ ಸಾರನ್ನು ನೋಡುವಂತೆ ನೋಡಿದರು. ಎದುರು ಸೀಟಿನಲ್ಲಿದ್ದ ಮರಿಯಣ್ಣ ಸದಾ ವಟಗುಟ್ಟುವ ಮನುಷ್ಯ. ಇವತ್ತು ತಿಪಟೂರಿನ ತೋಟಗಳನ್ನು ಒಂದೊಂದೇ ಮರ ಎಣಿಸುತ್ತಾ ಕಿಟಕಿಗೆ ಅಂಟಿಕೊಂಡಿದ್ದ.

ಗೇಟಿನಲ್ಲಿ ಕಾವಲಿನವನು ಬೋರಮ್ಮನ ಚೀಲದಿಂದ ತೆಂಗಿನಕಾಯಿ ಎತ್ತಿ ಹಿಡಿದ. “ಇದೇನಮ್ಮ?”

“ಅರಸೀಕೆರೆ ಕಾಯಿ ಕಣಪ್ಪ. ಬಾಗಿಲ ಮೇಲೆ ದೇವ್ರ ಹೆಸ್ರು ಕೆತ್ತೈತಂತೆ, ಷಡಕ್ಷರಣ್ಣ ಹೇಳವ್ರೆ. ಕಾಯಿ ಒಡೀದೆ ಹೆಂಗೆ ಒಳೀಕೆ ಹೋಗದು?”

“ಕಾಯಿ, ಬುತ್ತಿ, ಚೀಲ ಏನೂ ಬಿಡಲ್ಲಮ್ಮ. ಹೊರಗಿಟ್ಟು ಬನ್ನಿ. ಐದು ನಿಮಿಷ ಅಷ್ಟೆ, ನಿಮ್ಮ ತಂಡ ಹೊರಡುತ್ತೆ.”

ಹನ್ನೊಂದು ಚೀಲ ಮರದಡಿ ಬಂದು ಬಿದ್ದವು. ದೇವರ ಹೆಸರಿರುವ ಜಾಗವೆಂದು ಬೋರಮ್ಮ ಚಪ್ಪಲಿಯನ್ನೂ ಬಿಟ್ಟಳು. ಅವಳನ್ನು ನೋಡಿ ಉಳಿದವರೂ ಬಿಟ್ಟರು. ಕಾಯುವವರು ಯಾರು? ಎಲ್ಲರ ಕಣ್ಣೂ ನಿಧಾನವಾಗಿ ಬಂದು ಒಬ್ಬರ ಮೇಲೆ ನಿಂತವು.

“ನೀವು ನೋಡಿದೀರಲ್ಲಣ್ಣ!”

“ಇನ್ನೊಂದ್ಸಲ ನೋಡೋಣ ಅಂತ...”

“ನಲವತ್ತಾರು ವರ್ಷದಿಂದ ದಿನಾ ನೋಡ್ತಾನೇ ಇದೀರಲ್ಲ, ಸಾಲದಾ?” ಎಂದರು ಗುರುಸಿದ್ದಮ್ಮ, ಸೆರಗು ಸರಿಪಡಿಸಿಕೊಂಡು ಹೊರಡುತ್ತಾ.

“ನಾನೂ ಇಲ್ಲೇ ಇರ್ತೀನಿ, ನಾನೂ ನೋಡಿದೀನಿ,” ಎಂದು ಮರಿಯಣ್ಣ ಅವಸರವಾಗಿ ಕೂತೇಬಿಟ್ಟ.

ಅದೇ ಮರವೋ, ಅದರ ಮಗನೋ. ಎದುರಿಗೆ ಬಿಸಿಲಲ್ಲಿ ಬೆಳ್ಳಗೆ ಬೆಳಗುವ ಅದೇ ಕಲ್ಲಿನ ಕಂಬಗಳು, ಅದೇ ಗುಮ್ಮಟ. ಕಾಲಬಳಿ ಚಪ್ಪಲಿ. ಅವ್ವ ಹೊಲಿಸಿದ ಅಂಗಿಯ ಹೊಸ ಬಟ್ಟೆಯ ವಾಸನೆ ಎಲ್ಲಿಂದಲೋ ಬಂದಂತಾಗಿ ಷಡಕ್ಷರಪ್ಪನವರು ಮರಿಯಣ್ಣನ ಕಡೆ ತಿರುಗಿದರು.

“ಪುಣ್ಯವಂತ ಕಣೋ ನೀನು. ಅವತ್ತು ಒಳಗೆ ಹೋದೆ. ನೀನು ಹೇಳಿದ್ದನ್ನೇ ನಾನು ಅವ್ವನಿಗೆ ಹೇಳಿದ್ದು.”

ಮರಿಯಣ್ಣ ತಲೆ ಕೆರೆದುಕೊಂಡ. “ನಾನೆಲ್ಲಿ ಹೋಗಿದ್ನಲಾ? ಮೆಟ್ಲು ತನಕ ಹೋದ್ವಿ. ಇವತ್ತು ರಜಾ, ಬಿಡಲ್ಲ ಅಂದ್ರು. ಮೇಷ್ಟ್ರು ನಮ್ಮನ್ನೆಲ್ಲ ಗೋಡೆ ಮರೇಲಿ ಒಂದು ಗಂಟೆ ಕೂರ್ಸಿ, ‘ಮನೇಲಿ ಆಸೆಯಿಂದ ಕಳ್ಸವ್ರೆ, ಯಾರೂ ಹೇಳ್ಬೇಡ್ರೋ’ ಅಂದ್ರು. ಮೂವತ್ತೊಂದು ಜನ ಸುಮ್ಕೆ ಯಾಕಿದ್ರು ಅನ್ಕೊಂಡೆ? ನಿನ್ನದು ಹೇಳಿದ್ರೆ ನಮ್ಮದೂ ಬಯಲಾಗ್ತಿತ್ತಲ್ಲ!”

“ಹಂಗಾದ್ರೆ ಗಿಳಿ?”

“ಹಿಂದಿನ ದಿನ ಬೇಲೂರಲ್ಲಿ ನೋಡಿರ್ಲಿಲ್ವಾ, ಆ ಮದನಿಕೆ ಕೈಮೇಲೆ? ಅದನ್ನೇ ತಂದು ಬೆಳ್ಳಿ ಬಳಿದು ಕೂರಿಸ್ದೆ. ನೀನು ರೈಲಲ್ಲಿ ಅಳ್ತಾ ಇದ್ಯಲ್ಲ, ಏನಾದ್ರೂ ಹೇಳ್ಬೇಕಿತ್ತು.”

ಷಡಕ್ಷರಪ್ಪ ಅವನ ಮುಖವನ್ನೇ ನೋಡಿದರು. ಆಮೇಲೆ ನಗತೊಡಗಿದರು. ಇಬ್ಬರೂ ಚಪ್ಪಲಿಗಳ ನಡುವೆ ಆರನೇ ಕ್ಲಾಸಿನವರ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಷಡಕ್ಷರಪ್ಪ, “ಇವತ್ತು ಎಲ್ಲರ ಮುಂದೂ ನಿಜ ಹೇಳಿಬಿಡ್ತೀನಿ ಮರಿ. ಹೇಳಿ, ಮುಂದಿನ ತಂಡದ ಜೊತೆ ನಾವಿಬ್ರೂ ಒಳಗೆ ಹೋಗೋಣ” ಎಂದರು. ಎದೆಯ ಮೇಲಿಂದ ಒಂದು ಲಾರಿ ಕೊಬ್ಬರಿ ಇಳಿಸಿದಂತಾಯಿತು.

ಅಷ್ಟರಲ್ಲಿ ಒಳಗೆ ಹೋದವರು ಬಂದರು. ಬೋರಮ್ಮ ಎಲ್ಲರಿಗಿಂತ ಮುಂದೆ.

“ಬೋರಮ್ಮ, ಆ ಗಿಳಿ ವಿಷಯ ಒಂದು ಮಾತು...”

“ನೋಡಿದ್ವಿ ಕಣಣ್ಣ!” ಬೋರಮ್ಮನ ದನಿ ರಸ್ತೆಯ ಆಚೆಗೂ ಕೇಳಿಸಿತು. “ನೀವು ಹೇಳ್ದಂಗೇ ಐತೆ. ಬೆಳ್ಳಿ ಅಂದ್ರೆ ಬೆಳ್ಳಿ!”

ಷಡಕ್ಷರಪ್ಪ ಹೆಂಡತಿಯ ಕಡೆ ತಿರುಗಿದರು. ಗುರುಸಿದ್ದಮ್ಮ ಬಗ್ಗಿ ಚಪ್ಪಲಿ ಹುಡುಕುತ್ತಾ, “ಹೂಂ, ಕಣ್ಣು ಕೆಂಪಗೆ ಪಳಪಳ ಅಂತಿತ್ತು” ಎಂದರು. ಊರಿಗೆಲ್ಲ ಗೊತ್ತಿರುವ ಗಿಳಿ ತನಗೊಬ್ಬಳಿಗೆ ಕಾಣಲಿಲ್ಲ ಎನ್ನಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಮೇಘಶ್ರೀ ಮೊಬೈಲಿನಿಂದ ತಲೆ ಎತ್ತದೆ, “ಫೋಟೋ ತೆಗೆಯೋಕೆ ಬಿಡ್ಲಿಲ್ಲ ಅಂಕಲ್” ಎಂದಳು.

“ಯಾವ ಕಡೆ ಮುಖ ಮಾಡಿತ್ತು ಬೋರಮ್ಮ?” ಎಂದರು ಷಡಕ್ಷರಪ್ಪ, ಸೋತ ದನಿಯಲ್ಲಿ.

“ನಮ್ಮ ಅರಸೀಕೆರೆ ಕಡೀಕೇ!” ಬೋರಮ್ಮ ರಸ್ತೆಯಂಚಿನ ಕಲ್ಲಿಗೆ ಕಾಯಿ ಒಡೆದು, ಮೊದಲ ಹೋಳನ್ನು ಅವರ ಕೈಗಿಟ್ಟಳು. “ಮುಂದಿನ ತಿಂಗಳು ಕಣಕಟ್ಟೆಯಿಂದ ನಮ್ಮ ತವರಿನೋರು ಇಪ್ಪತ್ತು ಜನ ಬತ್ತಾರೆ, ಗಿಳಿ ನೋಡಾಕೆ. ಚೀಲ ಕಾಯಾಕೆ ನೀವೇ ಬರ್ಬೇಕಣ್ಣ. ನಿಮ್ಮಷ್ಟು ನೋಡಿರೋರು ಇನ್ಯಾರವ್ರೆ?”