ಗೋಡಂಬಿ ಡಬ್ಬಿಯ ತನಿಖೆ

ಅದಕ್ಕೇ ಹೇಳಿದ್ದು, ತನಿಖೆ ಮಾವನಂಥವರು ಇನ್ನೊಬ್ಬರಿಲ್ಲ ಅಂತ! ಸುಟ್ಟ ಗೋದಾಮಿಗೆ ಹೋಗಿ, ಬೂದಿ ಮೂಸಿ, ಬೆಂಕಿ ಎಲ್ಲಿ ಹೊತ್ತಿತು ಅಂತ ಹೇಳುವ ವಿಮಾ ಸರ್ವೇಯರ್ ಅವರು. (ಮೂಗೋ ಅದು, ಭೂತಗನ್ನಡಿಯೋ!) ಅಂಥವರ ಮನೆಯಲ್ಲೇ ಕಳ್ಳತನ ಅಂದರೆ?

ಭಾನುವಾರ ನೆಂಟರು ಬರುತ್ತಾರೆಂದು ಗೋಡಂಬಿ ಡಬ್ಬಿ ಭರ್ತಿ ಮಾಡಿ, ಯಾರೂ ಮುಟ್ಟಕೂಡದೆಂದು ಅವರ ಹೆಂಡತಿ, ಲೆಕ್ಕದ ಟೀಚರ್ ಅತ್ತೆ, ಸೋಮವಾರ ಕಟ್ಟಪ್ಪಣೆ ಹೊರಡಿಸಿದ್ದರು. ಶುಕ್ರವಾರಕ್ಕೆ ಡಬ್ಬಿ ಅರ್ಧ!

"ನಿಮ್ಮಮ್ಮನೇ ಕಣೇ. ಅಡುಗೆಮನೆಯಿಂದ ಬಾಯಾಡಿಸ್ತಾ ಬಂದ್ರು, ಕಣ್ಣಾರೆ ನೋಡಿದೀನಿ," ಎಂದರು ಮಾವ.

"ಅಯ್ಯೋ, ಅದು ಹೊಸ ಹಲ್ಲುಸೆಟ್ಟು ರೀ, ಕೂರ್ತಾ ಇಲ್ಲ!"

ಅಷ್ಟರಲ್ಲಿ ಅತ್ತೆಯ ಅಮ್ಮ, ನಮ್ಮ ಅಜ್ಜಿ, ಸದ್ದಿಲ್ಲದೆ ಬಟ್ಟೆಬರೆ ಚೀಲಕ್ಕೆ ತುಂಬತೊಡಗಿದ್ದರು. "ಕಳ್ಳಿ ಅನ್ನಿಸ್ಕೊಂಡು ಇಲ್ಲಿರಲ್ಲ ಕಣೇ. ನಿನ್ನ ತಮ್ಮನ ಮನೆಗೆ ಬಿಟ್ಬಿಡು."

ಅತ್ತೆಯ ಕಣ್ಣು ಕೆಂಪಾಯಿತು. "ಸಾಕ್ಷಿ ತೋರಿಸಿ. ಇಲ್ಲಾಂದ್ರೆ ಅಮ್ಮನ ಚೀಲ ನೀವೇ ಬಿಚ್ಚಿ, ಕ್ಷಮೆ ಕೇಳಿ."

"ಎವಿಡೆನ್ಸ್ ಕಲೆಕ್ಟ್ ಮಾಡೋದನ್ನ ನಂಗೇ ಹೇಳ್ಕೊಡ್ತೀಯಾ?" ಮಾವ ಎದೆಯುಬ್ಬಿಸಿ ನೀಲಿ ಫೈಲು ತಂದಿಟ್ಟರು. ಅಬ್ಬಬ್ಬಾ, ಏನು ಫೈಲು! ಅಡುಗೆಮನೆಯ ನಕ್ಷೆ, ಡಬ್ಬಿಯ ಎತ್ತರ, ದಿನಕ್ಕೆ ಮೂರು ತಪಾಸಣೆ, ಒಂದೊಂದಕ್ಕೂ ಸಹಿ. ಅದೂ ಸೋಮವಾರದಿಂದಲೇ! ಕಳ್ಳತನಕ್ಕೆ ಮುಂಚೆಯೇ ತನಿಖೆ ಶುರು ಮಾಡಿದ ಆ ದೂರದೃಷ್ಟಿ ನೋಡಿ!

ಅತ್ತೆ ಗಟ್ಟಿಯಾಗಿ ಓದಿದರು. "ಸೋಮವಾರ ಬೆಳಿಗ್ಗೆ, ಡಬ್ಬಿ ಭರ್ತಿ. ಮಾದರಿ ತೆಗೆದದ್ದು ಆರು. ಮಧ್ಯಾಹ್ನ, ಮಾದರಿ ಆರು. ಸಂಜೆ, ಕೊಂಚ ಕಡಿಮೆ ಕಾಣುತ್ತಿದೆ, ಅನುಮಾನ ಬಲವಾಗಿದೆ. ಮಾದರಿ ಎಂಟು..." ಅವರು ತಲೆಯೆತ್ತಿದರು. "ರೀ, ಈ ಮಾದರಿ ಅಂದ್ರೇನು?"

"ಗೋದಾಮಲ್ಲಿ ಮೂಟೆಗೊಂದು ಹಿಡಿ ತೆಗೆದು ಪರೀಕ್ಷೆ ಮಾಡಲ್ವಾ, ಹಾಗೆ."

"ಹೇಗೆ ಪರೀಕ್ಷೆ ಮಾಡಿದ್ರಿ?"

ಮಾವ ಬಾಯಿ ತೆರೆದರು. ಮುಚ್ಚಿದರು. (ಉತ್ತರ ಅದರೊಳಗೇ ಇತ್ತು.)

ಅತ್ತೆ ಬೆರಳು ಮಡಚಿ ಕೂಡಿಸಿದರು. ಮಾದರಿಗಳೆಲ್ಲ ಸೇರಿ ಸರಿಯಾಗಿ ಅರ್ಧ ಡಬ್ಬಿ! "ಎವಿಡೆನ್ಸ್ ಕಲೆಕ್ಟ್ ಮಾಡೋದು ಅಂದ್ರೆ ಜೋಪಾನ ಮಾಡೋದು ರೀ, ನುಂಗೋದಲ್ಲ!"

ಮಾವ ಚೀಲ ಬಿಚ್ಚಿ, ಒಂದೊಂದೇ ಬಟ್ಟೆ ಬೀರುವಿಗೆ ಜೋಡಿಸಿದರು. "ತಪ್ಪಾಯ್ತು ಅತ್ತೆ," ಎಂದರು ಅಜ್ಜಿಗೆ.

"ಇರ್ಲಿ ಬಿಡಿ ಅಳಿಯಂದ್ರೇ," ಎಂದರು ಅಜ್ಜಿ, ಹಲ್ಲುಸೆಟ್ಟು ಸರಿಮಾಡಿಕೊಳ್ಳುತ್ತಾ. "ಹಲ್ಲಿರೋರು ತಿಂದ್ರಿ."

ಆದರೂ ಹೇಳಿ, ತಮ್ಮ ಕಳ್ಳತನವನ್ನೇ ದಿನ, ಹೊತ್ತು, ಸಹಿ ಸಮೇತ ಬರೆದಿಡುವ ಪ್ರಾಮಾಣಿಕರನ್ನು ಎಲ್ಲಾದರೂ ಕಂಡಿದ್ದೀರಾ? ನೀವೂ ಒಮ್ಮೆ ಹೋಗಿ ಮಾತಾಡಿಸಿ ಬನ್ನಿ. ಹಳದಿ ಗೇಟಿನ ಮನೆ, ಬಾಗಿಲು ತೆಗೆಯುವವರು ಅಜ್ಜಿಯೇ. ತಿನ್ನುವುದೇನಾದರೂ ಒಯ್ದಿದ್ದರೆ ಅವರ ಕೈಗೇ ಕೊಡಿ. ಮಾವನಿಗೆ ಕೊಟ್ಟೀರಿ ಮತ್ತೆ, ಮಾದರಿ ತೆಗೆದುಬಿಡುತ್ತಾರೆ!